ಹಿತ್ತಲ ಬಾಗಿಲಿನ ಕಾಕು

ನಮ್ಮ ಕಾಕು ಯಾರ ಮನೆಗೆ ಹೋದರೂ ಹಿತ್ತಲ ಬಾಗಿಲಿನಿಂದಲೇ ಹೋಗುತ್ತಿದ್ದರು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನ ಅವರ ಓಣಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಹಿಂದುಗಡೆ ಕಸದ ಡಬ್ಬಿಗಳಿಡುವ ಒಂದು ಕಿರಿದಾದ ದಾರಿ. ಕಾಕು ಆ ದಾರಿಯಲ್ಲಿ ನಡೆದು, ಮರದ ಗೇಟು ತಳ್ಳಿ, ಅಡುಗೆಮನೆಯ ಕಿಟಕಿಗೆ ಉಂಗುರದಿಂದ ಎರಡು ಸಲ ಕುಟ್ಟಿ, ಉತ್ತರಕ್ಕೂ ಕಾಯದೆ ಒಳಗೆ ಕಾಲಿಡುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನ ಹಾರ್ಬೋರ್ನ್‌ನಲ್ಲಿರುವ ನಮ್ಮ ಮನೆಗೆ ಮೊದಲ ಸಲ ಬಂದಾಗ ನಾನೂ ನನ್ನ ಗಂಡನೂ ಮುಂಬಾಗಿಲು ತೆರೆದು, ನಗುಮುಖ ಮಾಡಿಕೊಂಡು ನಿಂತಿದ್ದೆವು. ಕಾಕು ಪಕ್ಕದ ಸಂದಿಯಲ್ಲಿ ತೂರಿ ಬಂದು, ನಮ್ಮ ಬೆನ್ನ ಹಿಂದೆ ಅಡುಗೆಮನೆಯಲ್ಲಿ ನಿಂತು, "ಯಾರನ್ನ ಕಾಯಾಕತ್ತೀರಿ?" ಎಂದು ಕೇಳಿದರು.

ನನ್ನ ಗಂಡ ಬೆಚ್ಚಿಬಿದ್ದು ತಿರುಗಿದ. ಆಸ್ಪತ್ರೆಯಲ್ಲಿ ದಿನಾ ಎದೆ ಸೀಳಿ ಹೊಲಿಯುವ ಡಾಕ್ಟರು ಅಷ್ಟು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಮುಂದಿನ ಬಾಗಲಾ ಪೋಸ್ಟ್‌ಮನ್‌ಗೆ, ಪೊಲೀಸರಿಗೆ," ಎಂದರು ಕಾಕು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತ. "ನಮ್ಮಂಥಾವ್ರಿಗೆ ಹಿತ್ತಲದ್ದ ಛಲೋ. ಅಡಗಿ ಏನೈತಿ ಅಂತ ಮೊದ್ಲ ಗೊತ್ತಾಗತೈತಿ."

ಇದೊಂದು ಚಾಳಿ ಎಂದುಕೊಂಡು ನಕ್ಕೆ. ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ತಾವೇ ಮಾತಾಡಿಕೊಳ್ಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹೆಸರು ಅಚ್ಚಾದರೆ ಎಲ್ಲಿದ್ದರೂ ಬೈಯುತ್ತಾರೆ. ಧಾರವಾಡದ ಕಡೆಯವರು, ಇಪ್ಪತ್ತೆರಡು ವರ್ಷಕ್ಕೇ ನರ್ಸ್ ಆಗಿ ಇಲ್ಲಿಗೆ ಬಂದವರು, ವಾರ್ಡ್ ಸಿಸ್ಟರ್ ಆಗಿ ನಿವೃತ್ತರಾದವರು. ಗಂಡ ಕೊವೆಂಟ್ರಿಯ ಕಾರು ಕಾರ್ಖಾನೆಯಲ್ಲಿದ್ದರಂತೆ; ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಗಳು ಲೀಡ್ಸ್‌ನಲ್ಲಿದ್ದಾಳೆ. ಇಷ್ಟು ಸಾಕು.

ನಾನು ಅವರನ್ನು ಮೊದಲು ಭೇಟಿಯಾದದ್ದು ನನ್ನದೇ ಒಂದು ತಪ್ಪಿನ ಎದುರು. ಬರ್ಮಿಂಗ್‌ಹ್ಯಾಮ್‌ನ ಒಂದು ಸಣ್ಣ ಕಂಪನಿಯಲ್ಲಿ ನಗರಯೋಜನೆಯ ನಕ್ಷೆ ಮಾಡುವುದು ನನ್ನ ಕೆಲಸ. ಕಾಕು ಇದ್ದ ಬಡಾವಣೆಯನ್ನು ಹೊಸದಾಗಿ ಬೆಳೆಸುವ ನಗರ ಕೌನ್ಸಿಲ್‌ನ ಯೋಜನೆಯ ನಕ್ಷೆ ನಮ್ಮ ಪಾಲಿಗೆ ಬಂದಿತ್ತು. ಅದನ್ನು ಲೈಬ್ರರಿಯಲ್ಲಿ ತೂಗುಹಾಕಿ, ಜನರ ಅಭಿಪ್ರಾಯ ಕೇಳಲು ನನ್ನನ್ನು ನಿಲ್ಲಿಸಿದ್ದರು. ಮರೂನ್ ಕೋಟು, ಅದರ ಕೆಳಗೆ ಇಳಕಲ್ ಸೀರೆ, ಸೀರೆಯ ಕೆಳಗೆ ಬಿಳಿ ಟ್ರೈನರ್ ಶೂ ಹಾಕಿಕೊಂಡ ಒಬ್ಬ ಮುದುಕಿ ಬಂದು ನನ್ನ ಬ್ಯಾಡ್ಜಿನ ಹೆಸರನ್ನು ಕನ್ನಡಕ ಮೇಲೆತ್ತಿ ಓದಿ, ನೇರ ಕನ್ನಡದಲ್ಲೇ ಕೇಳಿದರು:

"ಯಾವೂರವಾ?"

"ಮೈಸೂರು, ಆಂಟಿ."

"ಆಂಟಿ ಅನಬ್ಯಾಡ. ಈ ದೇಶದಾಗ ಕಂಡವರೆಲ್ಲಾ ಆಂಟಿ. ಕಾಕು ಅನ್ನು, ನಿಮ್ಮ ಕಡೆ ಚಿಕ್ಕಮ್ಮ ಅಂದಂಗ. ಇದರಾಗ ನಮ್ಮ ಹಾಲ್ ಎಲ್ಲೈತಿ, ತೋರಸು."

ನಾನು ಬೆರಳಿಟ್ಟು ತೋರಿಸಿದೆ. ಓಣಿಯ ಕೊನೆಯ ಹಳೆಯ ಸಮುದಾಯ ಭವನ, ಅದರ ಹಿಂದಿನ ಅಂಗಳ. ಎರಡೂ ಬೂದು ಬಣ್ಣದಲ್ಲಿದ್ದವು.

"ಬೂದು ಅಂದ್ರ ಏನು?"

"ಸ್ವಲ್ಪ ಬಳಕೆ ಕಡಿಮೆ ಇರೋ ಜಾಗ, ಕಾಕು. ಅಲ್ಲಿ ಫ್ಲ್ಯಾಟ್‌ಗಳು, ಕಾರ್ ಪಾರ್ಕ್ ಬರುತ್ತೆ."

"ಬಳಕಿ ಕಡಿಮಿ ಅಂತ ಯಾರು ಹೇಳಿದ್ರು?"

"ನಾವೇ ಸರ್ವೆ ಮಾಡಿದ್ವಿ. ಮಂಗಳವಾರ, ಬುಧವಾರ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ."

"ಹೌದಾ. ಅಂದ್ರ ಈ ಓಣ್ಯಾಗಿನ ಮಂದಿ ಎಲ್ಲಾ ಡ್ಯೂಟಿ ಮ್ಯಾಲಿದ್ದಾಗ ಬಂದು, ಯಾರೂ ಇಲ್ಲಂತ ಬರಕೊಂಡು ಹೋದ್ರಿ."

ಬೈಯುತ್ತಾರೆ ಎಂದುಕೊಂಡೆ. ಅವರು ನನ್ನ ಕೈ ಕುಲುಕಿದರು. ಕುಲುಕಿದವರು ಬಿಡಲಿಲ್ಲ, ಎರಡು ಬೆರಳು ನನ್ನ ಮಣಿಕಟ್ಟಿನ ಮೇಲೆ ನಿಂತವು. ಕೈ ಕುಲುಕುವ ನೆಪದಲ್ಲಿ ನಾಡಿ ನೋಡುವುದು ಅವರ ಇನ್ನೊಂದು ಚಾಳಿ ಎಂದು ಆಮೇಲೆ ತಿಳಿಯಿತು. ಕೌನ್ಸಿಲರ್, ಪಾದ್ರಿ, ಗ್ಯಾಸ್ ಮೀಟರ್ ಓದಲು ಬಂದವನು, ಯಾರೂ ಅದರಿಂದ ತಪ್ಪಿಸಿಕೊಂಡವರಿಲ್ಲ.

"ಭಾಳ ಜೋರ ಓಡಾಕತ್ತೈತಿ. ಮುಂಜಾನೆ ಏನೂ ತಿಂದಿಲ್ಲ ನೀ," ಎಂದು ಕೋಟಿನ ಜೇಬಿನಿಂದ ಫಾಯಿಲ್ ಸುತ್ತಿದ ಶೇಂಗಾ ಉಂಡಿ ತೆಗೆದು ನನ್ನ ಕೈಯಲ್ಲಿಟ್ಟರು. "ಶನಿವಾರ ಮಧ್ಯಾಹ್ನ ಹಾಲ್‌ಗೆ ಬಾ. ಹಿಂದಿನ ಬಾಗಲದಿಂದ ಬಾ."

ಹಾಗೆ ನಾನು ಕಾಕುವಿನ ಶನಿವಾರಗಳಿಗೆ ಸೇರಿದೆ.

ತಿಂಗಳಿಗೊಂದು ಶನಿವಾರ ಆ ಹಾಲ್‌ನಲ್ಲಿ ಕಥೆ ಹೇಳುವ ಸಭೆ ನಡೆಯುತ್ತಿತ್ತು. ಕೌನ್ಸಿಲ್‌ನವರು ಅದಕ್ಕೆ ಒಂದಿಷ್ಟು ನೆರವು ಕೊಟ್ಟು, ಬಡಾವಣೆಯ ಅಭಿವೃದ್ಧಿಯಲ್ಲಿ ಜನಾಂಗೀಯ ಸಮಾನತೆಯನ್ನು ಸಂಭ್ರಮಿಸುವ ಸಮುದಾಯ ಕಥನ ಕಾರ್ಯಕ್ರಮ ಎಂದು ಪೋಸ್ಟರ್ ಅಚ್ಚು ಹಾಕಿಸಿದ್ದರು. "ಇದನ್ನ ಓದಿ ಮುಗಸೂದ್ರಾಗ ಬಸ್ ಹೋಗಿಬಿಡತೈತಿ," ಎಂದು ಕಾಕು ಅದರ ಹಿಂಬದಿಯ ಬಿಳಿ ಜಾಗದಲ್ಲಿ 'ಶನಿವಾರ, ಕಥೆ, ಚಹಾ' ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದು ತಿರುಗಿಸಿ ಅಂಟಿಸಿದ್ದರು. ಆ ಪೋಸ್ಟರಿಗೇ ಜನ ಬರುತ್ತಿದ್ದರು. ಜಮೈಕಾದವರು, ಪಂಜಾಬಿಗಳು, ಐರಿಷ್ ಅಜ್ಜಿಯರು, ಈಚೆಗೆ ಬಂದ ಮಲಯಾಳಿ ನರ್ಸ್‌ಗಳು, ಹುಟ್ಟಿದಾಗಿನಿಂದ ಅದೇ ಓಣಿಯಲ್ಲಿದ್ದ ಬಿಳಿಯರು.

ಸಭೆಗೆ ಕಾಕು ಮಾಡಿದ ನಿಯಮ ಒಂದೇ. ಯಾರೂ ತಮ್ಮ ಕಥೆ ತಾವು ಹೇಳುವಂತಿಲ್ಲ. ಓಣಿಯ ಇನ್ನೊಬ್ಬರ ಕಥೆ ಹೇಳಬೇಕು. ಯಾರ ಕಥೆಯೋ ಅವರು ಎದುರಿನ ಕುರ್ಚಿಯಲ್ಲಿ, ಮಡಿಲಲ್ಲಿ ಒಂದು ಗಂಗಾಳ, ಅಂದರೆ ಧಾರವಾಡದ ಕಡೆಯ ಊಟದ ತಟ್ಟೆ, ಕೈಯಲ್ಲಿ ಒಂದು ಸೌಟು ಹಿಡಿದು ಕೂರಬೇಕು. ಹೇಳುವವರು ತಪ್ಪಿದರೆ ಟಣ್ ಎಂದು ಬಾರಿಸಿ ತಿದ್ದಬೇಕು.

"ಯಾಕೆ ಕಾಕು ಹೀಗೆ? ಅವರವರ ಕಥೆ ಅವರೇ ಹೇಳಿದ್ರೆ ಸುಲಭ ಅಲ್ವಾ?" ಎಂದು ಕೇಳಿದ್ದೆ.

"ತಮ್ಮ ಕಥಿ ತಾವು ಹೇಳಾಕ ನಿಂತ್ರ ಅಳತಾರ, ಇಲ್ಲಾ ಜಂಬಾ ಕೊಚ್ಚತಾರ. ಮಂದಿ ಕಥಿ ಹೇಳಬೇಕಂದ್ರ ಮೊದ್ಲ ಅವರ ಮನಿಗೆ ಹೋಗಬೇಕಾಗತೈತಿ. ಅಷ್ಟ ಬೇಕಾಗಿದ್ದು ನನಗ."

ಹೊಸಬರಿಗೆ ರಿಯಾಯಿತಿ ಇರಲಿಲ್ಲ. ನನ್ನ ಪಾಲಿಗೆ ಡೆಸ್ಮಂಡ್ ಎಂಬ ಎಂಬತ್ತು ದಾಟಿದ ಜಮೈಕಾದ ಅಜ್ಜ ಬಂದರು. ಕಾಕುವಿನ ಪಕ್ಕದ ಮನೆಯವರು. ಬಸ್ ಓಡಿಸಿ ನಿವೃತ್ತರಾದವರು. ಮೊಣಕಾಲು ನೋವಿನಿಂದ ಕುರ್ಚಿ ಬಿಟ್ಟು ಏಳುವುದೇ ಒಂದು ಕಾರ್ಯಕ್ರಮ. ನಾನು ನಾಲ್ಕು ಸಂಜೆ ಅವರ ಮನೆಗೆ ಹೋಗಿ, ನೋಟ್‌ಬುಕ್ ತುಂಬಿಸಿ, ಭಾಷಣದ ಹಾಗೆ ತಯಾರಾಗಿ ಬಂದೆ. "ಡೆಸ್ಮಂಡ್ ಒಳ್ಳೆಯ ಬದುಕನ್ನು ಅರಸಿ ಈ ದೇಶಕ್ಕೆ ಬಂದರು" ಎಂದು ಶುರು ಮಾಡಿದೆ.

ಟಣ್.

"ಒಳ್ಳೆ ಬದುಕು ಅಲ್ಲೇ ಇತ್ತು," ಎಂದರು ಡೆಸ್ಮಂಡ್. "ಸಮುದ್ರ ಇತ್ತು. ಇಲ್ಲಿಗೆ ಬಂದದ್ದು ನಮ್ಮಕ್ಕ ಕರೆದಳು ಅಂತ. ಅವಳಿಗೆ ಇಲ್ಲ ಅನ್ನೋ ಧೈರ್ಯ ನಮ್ಮನೇಲಿ ಯಾರಿಗೂ ಇರಲಿಲ್ಲ."

ಹಾಲ್ ಬಿದ್ದು ಬಿದ್ದು ನಕ್ಕಿತು. ಅವತ್ತು ಏಳು ಸಲ ಟಣ್ ಎನ್ನಿಸಿಕೊಂಡೆ. ಏಳನೆಯ ಟಣ್ ಆಗುವ ಹೊತ್ತಿಗೆ ನನಗೂ ನಗು ತಡೆಯಲಾಗಲಿಲ್ಲ. ಆದರೆ ಮನೆಗೆ ಹೋಗುವಾಗ ಟ್ರಾಮ್‌ನಲ್ಲಿ ಕೂತು ಯೋಚಿಸಿದೆ: ಈ ಮನುಷ್ಯನನ್ನು, ಈ ಹಾಲನ್ನು ನಾನು ನಕ್ಷೆಯಲ್ಲಿ ಬೂದು ಮಾಡಿದ್ದೇನೆ. ಸೋಮವಾರ ಆಫೀಸಿನಲ್ಲಿ, ಶನಿವಾರ ಭಾನುವಾರವೂ ಸರ್ವೆ ಮಾಡಬೇಕು ಎಂದು ಕೇಳಿದೆ. ಅದು ನಮ್ಮ ಕೆಲಸದ ವ್ಯಾಪ್ತಿಯಲ್ಲಿಲ್ಲ ಎಂದರು. ಹಾಗಾದರೆ ಈ ಕೆಲಸದಿಂದ ನನ್ನನ್ನು ಬಿಡಿಸಿ ಎಂದೆ. ಬಿಡಿಸಿದರು.

ಕಾಕುವಿಗೆ ಇದನ್ನು ಹೇಳಿದರೆ ಬೆನ್ನು ತಟ್ಟುತ್ತಾರೆ ಎಂದು ನಿರೀಕ್ಷಿಸಿದ್ದೆ.

"ನೀ ಬಿಟ್ಟಿ, ಛಲೋ. ಈಗ ಆ ನಕಾಶಿ ಯಾರ ಕೈಯಾಗೈತಿ? ನಮ್ಮ ಹಾಲ್ ನೋಡಲಾರದವರ ಕೈಯಾಗ," ಎಂದು ನನ್ನ ಮುಖಕ್ಕೇ ಹೇಳಿದರು. ಹೊಗಳಿಕೆಯಲ್ಲಿ ಬಹಳ ಜಿಪುಣರು. ಮಾತಿನಲ್ಲಿ ಒರಟು. ಡಾಮಿನೋ ಆಟದಲ್ಲಿ ಹಾಡಹಗಲೇ ಮೋಸ ಮಾಡುತ್ತಿದ್ದರು, ಸಿಕ್ಕಿಬಿದ್ದರೆ ಕಿವಿ ಕೇಳಿಸದವರಂತೆ ನಟಿಸುತ್ತಿದ್ದರು. ನನ್ನ ಮೈಸೂರು ಕನ್ನಡವನ್ನಂತೂ ಕೊನೆಯವರೆಗೂ ಗೋಳು ಹುಯ್ದುಕೊಂಡರು. "ಸ್ವಲ್ಪ ಅನ್ನೂದು ಬಿಟ್ಟು ಒಂದು ಮಾತಾಡು ನೋಡೋಣು. ಸ್ವಲ್ಪ ಬರ್ತೀರಾ, ಸ್ವಲ್ಪ ಕೂತ್ಕೋತೀರಾ. ಪೂರಾ ಕುಂದ್ರಬಾರದೇನು ನಿಮ್ಮ ಊರಾಗ?"

ಸಭೆಗೆ ಬರುತ್ತಿದ್ದವರಲ್ಲಿ ಕೌನ್ಸಿಲ್‌ನ ಯೋಜನಾ ಅಧಿಕಾರಿಯೂ ಒಬ್ಬಳು. ಹೆಲೆನ್ ಎಂದು ಹೆಸರು, ಮ್ಯಾಂಚೆಸ್ಟರಿನವಳು, ಮೂವತ್ತೈದರ ಆಸುಪಾಸು. ಹಾಲ್ ಉಳಿಯಬೇಕೇ ಬೀಳಬೇಕೇ ಎಂದು ಸಮಿತಿಗೆ ವರದಿ ಬರೆಯಬೇಕಾದವಳು ಅವಳೇ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬರೆದುಕೊಂಡು ಹೋಗುತ್ತಿದ್ದಳೇ ಹೊರತು ಚಹಾ ಕೂಡ ಕುಡಿಯುತ್ತಿರಲಿಲ್ಲ. ಮೂರನೆಯ ಸಲ ಬಂದಾಗ ಕಾಕು ಅವಳ ಮಣಿಕಟ್ಟು ಹಿಡಿದೇ ಬಿಟ್ಟರು. ಕಾಕುವಿನ ಇಂಗ್ಲಿಷೂ ಧಾರವಾಡದ್ದೇ. ಅದನ್ನು ಅವರ ಕನ್ನಡದಲ್ಲೇ ಬರೆಯುತ್ತೇನೆ.

"ನೀ ನನ್ನ ಕಥಿ ಹೇಳಬೇಕು."

"ನಾನು ಹೇಳೋ ಹಾಗಿಲ್ಲ," ಎಂದಳು ಹೆಲೆನ್, ಮುಖ ಕೆಂಪಾಗಿ. "ನಾನು ಕೌನ್ಸಿಲ್ ಕಡೆಯವಳು. ಯಾರ ಪರವಾಗೂ ಮಾತಾಡಬಾರದು."

"ಮಾತಾಡಬ್ಯಾಡ. ಕೇಳಾಕ ಏನ್ ತ್ರಾಸು? ಗುರುವಾರ ಊಟಕ್ಕ ಬಾ. ಮಧ್ಯಾಹ್ನ ಹೆಂಗೂ ತಿನ್ನಬೇಕಲ್ಲ ನೀ."

ಪ್ರತಿ ಗುರುವಾರವೂ ಹೆಲೆನ್ ಹೋದಳಂತೆ. ಏನು ಕೇಳಿದಳು, ಏನು ತಿಂದಳು ಎಂದು ಯಾರಿಗೂ ಹೇಳಲಿಲ್ಲ. ಬದಲಾದದ್ದು ಒಂದೇ: ಚಳಿಗಾಲ ಬರುವಷ್ಟರಲ್ಲಿ ಅವಳೂ ಹಾಲ್‌ಗೆ ಹಿಂದಿನ ಬಾಗಿಲಿನಿಂದ ಬರತೊಡಗಿದ್ದಳು. ಕಥೆಯನ್ನು ಮಾತ್ರ ಹೇಳಲಿಲ್ಲ. ನಾವು ಕೇಳಿದರೆ ಕಾಕು, "ಅವಸರ ಏನೈತಿ, ನಾ ಎಲ್ಲಿ ಹೊಂಟೇನಿ?" ಎನ್ನುತ್ತಿದ್ದರು.

ಮಾರ್ಚ್ ತಿಂಗಳ ಶನಿವಾರಕ್ಕೆ ಕಾಕು ಯೋಜನಾ ಸಮಿತಿಯವರನ್ನೇ ಹಾಲ್‌ಗೆ ಕರೆದಿದ್ದರು. ಯೋಜನೆಯ ಬಗ್ಗೆ ಸ್ಥಳೀಯರ ಮಾತು ಕೇಳಲು ಅವರಿಗಿದ್ದ ಕೊನೆಯ ಸಭೆ ಅದು. ಅದಾದ ಮೇಲೆ ಹೆಲೆನ್‌ಳ ವರದಿ, ವರದಿಯ ಮೇಲೆ ತೀರ್ಮಾನ. ಅರ್ಜಿ ಬರೆದು ಸಹಿ ಮಾಡಿಸೋಣ ಎಂದು ನಾನು ಹೇಳಿದ್ದಕ್ಕೆ ಕಾಕು ಬೇಡವೆಂದು ತಲೆಯಾಡಿಸಿದ್ದರು.

"ಅರ್ಜಿ ಓದಿ ಮರೀತಾರ. ಕುಂದ್ರಸಿ ಕಥಿ ಕೇಳಸೋಣು. ಅವರಿಗೆ ಸ್ಟೇಜ್ ಇಲ್ಲ, ಮೇಜಿಲ್ಲ. ನಮ್ಮ ನಡುವ ಕುಂದ್ರಲಿ."

ಫೆಬ್ರುವರಿಯ ಒಂದು ಬೆಳಿಗ್ಗೆ, ಕಾಕು ದಿನಾ ಕುಟ್ಟುತ್ತಿದ್ದ ಡೆಸ್ಮಂಡ್ ಅವರ ಅಡುಗೆಮನೆಯ ಕಿಟಕಿಗೆ ಯಾರೂ ಕುಟ್ಟಲಿಲ್ಲ. ಒಂಬತ್ತು ಗಂಟೆಯವರೆಗೆ ಕಾದು, ಆ ಮೊಣಕಾಲಿನಲ್ಲೇ ಹಿತ್ತಲ ದಾರಿ ಹಿಡಿದು ಹೋಗಿ ನೋಡಿದರೆ, ಕಾಕು ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಹೃದಯ ನಿಂತಿತ್ತು. ಊರವರ ನಾಡಿಯನ್ನೆಲ್ಲ ನೋಡಿದವರು ತಮ್ಮದನ್ನು ಯಾರಿಗೂ ತೋರಿಸಿರಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆಮೇಲೆ ಅಳುವೂ ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

ಮಗಳು ಲೀಡ್ಸ್‌ನಿಂದ ಬಂದು ಎಲ್ಲ ಕಾರ್ಯ ಮುಗಿಸಿ, ಹೊರಡುವ ಮುನ್ನ ಗಂಗಾಳವನ್ನೂ ಸೌಟನ್ನೂ ನನಗೆ ಕೊಟ್ಟಳು. "ಮಾರ್ಚ್ ಸಭೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಅಮ್ಮ ನನ್ನನ್ನ ಬಿಡೋದಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ, ಕಣ್ಣೊರೆಸಿಕೊಂಡು ನಕ್ಕಳು.

ಆ ಶನಿವಾರ ಹಾಲ್‌ನಲ್ಲಿ ಕೂರಲು ಜಾಗವಿರಲಿಲ್ಲ. ಸಮಿತಿಯ ಆರು ಮಂದಿ ಐರಿಷ್ ಅಜ್ಜಿಯರ ನಡುವೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದರು. ಹೆಲೆನ್ ಅವರ ಹಿಂದೆ ಕೂತು ಪೆನ್ ಹಿಡಿದಿದ್ದಳು. ಎದುರಿನ ಕುರ್ಚಿಯ ಮೇಲೆ ಕಾಕುವಿನ ಮರೂನ್ ಕೋಟು, ಅದರ ಮೇಲೆ ಗಂಗಾಳ, ಸೌಟು. ಅವತ್ತು ಹೇಳಬೇಕಾದದ್ದು ಕಾಕುವಿನ ಕಥೆಯೇ ಎಂದು ಓಣಿಯೆಲ್ಲ ಸೇರಿ ತೀರ್ಮಾನಿಸಿತ್ತು. ಹೆಲೆನ್ ಹೇಳುವಂತಿರಲಿಲ್ಲ. ಕಾಕುವಿನ ಭಾಷೆ ಗೊತ್ತಿದ್ದವಳು ಎಂದು ನನ್ನನ್ನು ಎಬ್ಬಿಸಿದರು.

ನನಗೆ ಗೊತ್ತಿದ್ದದ್ದು ಕಾಕು ಆಗೀಗ ಚಹಾ ಕುಡಿಯುವಾಗ ಹೇಳಿದ ಚೂರುಪಾರು. ಅದನ್ನೇ ಹೊಲಿದು ಹೇಳಿದೆ. ಇಪ್ಪತ್ತೆರಡು ವರ್ಷದ ಹುಡುಗಿ. ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿಯ ಗಂಟು. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಇರಲು ಕೋಣೆಯಿಲ್ಲ. ಫೋನ್ ಮಾಡಿದರೆ ಕೋಣೆ ಇದೆ ಎನ್ನುತ್ತಾರೆ. ಬಾಗಿಲಲ್ಲಿ ಮುಖ ಕಂಡ ಕೂಡಲೇ, ಅಯ್ಯೋ, ಈಗಷ್ಟೇ ಬೇರೆಯವರಿಗೆ ಕೊಟ್ಟುಬಿಟ್ಟೆವು ಎನ್ನುತ್ತಾರೆ. ಒಂದೇ ಸಂಜೆ, ಇದೇ ಬಡಾವಣೆಯಲ್ಲಿ, ಒಂದಾದ ಮೇಲೊಂದು ನಾಲ್ಕು ಬಾಗಿಲು. ಮುದುಕರು ತಲೆಯಾಡಿಸಿದರು. ಆ ಮಾತನ್ನು ಕೇಳದವರು ಅವರಲ್ಲಿ ಯಾರೂ ಇರಲಿಲ್ಲ. ಸಮಿತಿಯ ಅಧ್ಯಕ್ಷರು ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದರು.

"ಐದನೇ ಬಾಗಿಲು ಡೆಸ್ಮಂಡ್ ಅವರ ಮನೆಯದು," ಎಂದೆ. "ಅವರ ಹೆಂಡತಿ ತೆರೆದರು. ಒಳಗೆ ಕರೆದು ಕೂರಿಸಿದರು. ಗಂಟು ಬಿಚ್ಚಿದಾಗ ಕಂಡ ರೊಟ್ಟಿಯನ್ನು, ಬಿಸಿ ಪಾತ್ರೆಯ ಕೆಳಗಿಡಲು ಇಂಡಿಯಾದಿಂದ ತಂದ ಮ್ಯಾಟು ಎಂದುಕೊಂಡು, ಥ್ಯಾಂಕ್ಸ್ ಹೇಳಿ, ಒಂದರ ಮೇಲೆ ಟೀ ಪಾಟ್ ಇಟ್ಟರು. ನಮ್ಮ ಕಾಕು ಟೀ ಪಾಟ್ ಎತ್ತಿ ಪಕ್ಕಕ್ಕಿಟ್ಟು, ಆ ಮ್ಯಾಟನ್ನು ಮುರಿದು ತಿಂದರು."

ಹಾಲ್ ಗೊಳ್ಳೆಂದಿತು. ಅಧ್ಯಕ್ಷರೂ ನಕ್ಕರು. ನಾನು ಮುಂದೇನು ಹೇಳುವುದೆಂದು ಯೋಚಿಸುತ್ತಿದ್ದಾಗ ಆ ಸದ್ದು ಬಂತು.

ಟಣ್.

ಕುರ್ಚಿಯ ಕಡೆ ನೋಡಿದೆ. ಹೆಲೆನ್ ಅದರ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು. ಅವಳ ಪೆನ್ನು ನೋಟ್‌ಬುಕ್ಕು ಅವಳ ಕುರ್ಚಿಯ ಮೇಲೇ ಉಳಿದಿದ್ದವು.

"ತಪ್ಪು," ಎಂದಳು. "ಐದನೆಯವರೂ ಇಲ್ಲ ಅಂದರು. ಅದು ಡೆಸ್ಮಂಡ್ ಅವರ ಮನೆ ಅಲ್ಲ. ತೆರೆದದ್ದು ಆರನೇ ಬಾಗಿಲು. ಮಳೆ ಜೋರಾಗಿತ್ತು. ಆಕೆಗೆ ಇನ್ನೊಂದು ಮುಂಬಾಗಿಲು ತಟ್ಟುವ ಮನಸ್ಸಿರಲಿಲ್ಲ. ಸುಮ್ಮನೆ ನೆನೆಯದೆ ನಿಲ್ಲೋಣ ಅಂತ ಒಂದು ಹಿತ್ತಲಿಗೆ ಬಂದಳು. ಅಲ್ಲಿನ ಬಾಗಿಲು ತೆರೆದೇ ಇತ್ತು. ಒಳಗೆ ಯಾರದೋ ಮಗುವಿನ ನಾಮಕರಣ ಮುಗಿದು, ಡೆಸ್ಮಂಡ್ ಅವರ ಹೆಂಡತಿ ಟೀ ಪಾಟ್ ತೊಳೆಯುತ್ತಿದ್ದರು."

"ಆರನೆಯದು ಅದೇ," ಎಂದು ಅವಳು ಸೌಟಿನಿಂದ ಹಾಲ್‌ನ ಹಿಂದಿನ ಬಾಗಿಲನ್ನು ತೋರಿಸಿದಳು. ಎಲ್ಲರೂ ತಿರುಗಿ ನೋಡಿದೆವು. ಹಸಿರು ಬಣ್ಣ ಸುಲಿದ, ಕೆಳಗೊಂದು ಇಟ್ಟಿಗೆ ಕೊಟ್ಟು ತೆರೆದಿಟ್ಟ ಆ ಬಾಗಿಲಿನಿಂದಲೇ ಅವತ್ತು ನಾವೆಲ್ಲ ಒಳಗೆ ಬಂದಿದ್ದೆವು. ಅಷ್ಟು ವರ್ಷ ಕಾಕು ಯಾಕೆ ಯಾರ ಮುಂಬಾಗಿಲನ್ನೂ ತಟ್ಟಲಿಲ್ಲ ಎಂದು ನನಗೆ ಆಗ ತಿಳಿಯಿತು.

"ನಾನೂ ಬಾರಿಸೋಣ ಅಂತಲೇ ಏಳ್ತಾ ಇದ್ದೆ," ಎಂದರು ಡೆಸ್ಮಂಡ್, ಇನ್ನೂ ಅರ್ಧ ಎದ್ದ ಭಂಗಿಯಲ್ಲೇ. "ಈ ಮೊಣಕಾಲು ಬಿಡಲಿಲ್ಲ. ಹುಡುಗಿ ಹೇಳಿದ್ದು ಪೂರ್ತಿ ಸರಿ."

ಅಧ್ಯಕ್ಷರು ಕತ್ತು ತಿರುಗಿಸಿ ಹೆಲೆನ್‌ಳನ್ನು ನೋಡಿದರು. "ಇದನ್ನು ನೀವು ಅಧಿಕಾರಿಯಾಗಿ ಹೇಳ್ತಾ ಇದ್ದೀರಾ?"

"ಇಲ್ಲಿ ತಪ್ಪು ಕೇಳಿದರೆ ಬಾರಿಸಬೇಕು, ಸರ್. ಅದು ಇಲ್ಲಿನ ನಿಯಮ," ಎಂದಳು ಹೆಲೆನ್. ಆಮೇಲೆ ಸೌಟನ್ನು ಗಂಗಾಳದಲ್ಲಿಟ್ಟು, "ನಕ್ಷೆಯಲ್ಲೂ ಒಂದು ತಪ್ಪಿದೆ. ಅದನ್ನು ವರದಿಯಲ್ಲಿ ಬರೆಯುತ್ತೇನೆ," ಎಂದಳು.

ಬರೆದಳು. ಅವಳು ಪಕ್ಷ ವಹಿಸಿದಳು ಎಂದು ಒಂದಿಬ್ಬರು ಆಕ್ಷೇಪ ಎತ್ತಿದರು. ಅದಕ್ಕೇ ಸರ್ವೆಯನ್ನು ಮತ್ತೆ ಮಾಡಿಸಬೇಕಾಯಿತು, ಈ ಸಲ ಶನಿವಾರ ಭಾನುವಾರವೂ ಸೇರಿಸಿ. ಸರ್ವೆಗೆ ಬಂದ ಹುಡುಗರು ಹಾಲ್‌ಗೆ ಬಂದು ಹೋಗುವವರ ಲೆಕ್ಕ ಹಾಕಲಾಗದೆ ಕೊನೆಗೆ ಡೆಸ್ಮಂಡ್ ಜೊತೆ ಡಾಮಿನೋ ಆಡುತ್ತ ಕೂತಿದ್ದರಂತೆ. ಬೇಸಿಗೆಯಲ್ಲಿ ಹೊಸ ನಕ್ಷೆ ಹೊರಬಂತು. ಹಾಲ್ ಅದರಲ್ಲಿ ಕಿತ್ತಳೆ ಬಣ್ಣದಲ್ಲಿತ್ತು, ಅಂದರೆ ಉಳಿಸಿಕೊಳ್ಳುವ ಕಟ್ಟಡ. ಹಿಂದಿನ ಅಂಗಳವೂ ಅದಕ್ಕೇ ಸೇರಿತ್ತು. ನಾನು ಲೈಬ್ರರಿಗೆ ಹೋಗಿ ಆ ಕಿತ್ತಳೆ ಚೌಕದ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತಿದ್ದೆ. ನಗುತ್ತಿದ್ದೆನಂತೆ, ಲೈಬ್ರರಿಯವರು ಬಂದು ಏನಾದರೂ ಬೇಕಾ ಎಂದು ಕೇಳಿದರು.

ಶನಿವಾರಗಳು ಈಗಲೂ ನಡೆಯುತ್ತವೆ. ಹೆಲೆನ್ ಆ ಯೋಜನೆಯಿಂದ ಬೇರೆ ಕೆಲಸಕ್ಕೆ ಹೋಗಿದ್ದಾಳೆ, ಹಾಲ್‌ಗೆ ಬರುವುದು ಬಿಟ್ಟಿಲ್ಲ. ಚಹಾ ಕುಡಿಯುತ್ತಾಳೆ, ರೊಟ್ಟಿಯನ್ನೂ ತಿನ್ನುತ್ತಾಳೆ. ಮುಂದಿನ ತಿಂಗಳು ನನ್ನ ಕಥೆ ಹೇಳುವವಳು ಅವಳೇ; ಅದಕ್ಕಾಗಿ ಕಳೆದ ವಾರ ನಮ್ಮ ಮನೆಗೆ ಊಟಕ್ಕೆ ಬಂದಳು. ನಾನೂ ನನ್ನ ಗಂಡನೂ ಮುಂಬಾಗಿಲಿಗೆ ಹೋಗಲೇ ಇಲ್ಲ. ಅಡುಗೆಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕಾಯುತ್ತ ನಿಂತಿದ್ದೆವು. ಗಾಜಿನ ಮೇಲೆ ಎರಡು ಸಲ ಕುಟ್ಟಿದ ಸದ್ದಾಯಿತು.